ಗಣಪತಿ ಬಿಟ್ಟ ಮೇಲೆ, ಸಿಲಿಂಡರ್ ಮುಗಿಯುವ ಮೊದಲು

ವಡಾಲದ ನಮ್ಮ ಕಟ್ಟಡದಲ್ಲಿ ಯಾರ ಮನೆಗೆ ಹೋದರೂ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಚೀಲ ತೂಗುತ್ತಿರುತ್ತದೆ. ದಾದರಿನ ಯಾವುದೋ ಸೀರೆ ಅಂಗಡಿಯ ಹೆಸರು ಹೊತ್ತ ಗಟ್ಟಿ ಚೀಲ. ಸೀರೆ ಎಂದೋ ಕಪಾಟು ಸೇರಿ, ಅದರ ಜಾಗದಲ್ಲಿ ಈಗ ಮನೆಯ ಹಿರಿಯರ ಆರೋಗ್ಯ ಕುಳಿತಿದೆ. ಈ ಚೀಲಗಳಿಗೂ ಒಂದು ಶಿಸ್ತಿದೆ. ಆದರೆ ಅದು ಗಾತ್ರದ ಶಿಸ್ತು. ಎಕ್ಸ್-ರೇ ಎಲ್ಲರಿಗಿಂತ ಎತ್ತರವಾದ್ದರಿಂದ ಹಿಂದೆ, ಸೋನೋಗ್ರಫಿ ಅದರ ಮುಂದೆ, ರಕ್ತಪರೀಕ್ಷೆಯ ಹಾಳೆಗಳು ಮಡಚಿಕೊಂಡು ನಡುವೆ, ಔಷಧಿ ಅಂಗಡಿಯ ಬಿಲ್ಲುಗಳು ತಳದಲ್ಲಿ. ತಾರೀಕಿಗೂ ಈ ಜೋಡಣೆಗೂ ಸಂಬಂಧವಿಲ್ಲ. ಇ.ಸಿ.ಜಿ. ಕಾಗದವಂತೂ ಕೆಲವು ವರ್ಷಗಳಲ್ಲಿ ಮಾಸಿ, ಹೃದಯ ಎಂದೋ ನಿಂತುಹೋಗಿದೆ ಎನ್ನುವಷ್ಟು ಬೆಳ್ಳಗಾಗಿರುತ್ತದೆ.

ಡಾಕ್ಟರರ ಮುಂದೆ ಈ ಚೀಲ ಬರಿದಾಗುವ ಹೊತ್ತಿಗೆ ಅವರ ಮುಖ ನೋಡಬೇಕು. ಹೊರಗೆ ಬೆಂಚಿನ ತುಂಬ ಜನ, ಕಂಪೌಂಡರ್ ಎರಡು ಸಲ ಇಣುಕಿಯಾಗಿದೆ. ಅವರು ಕಾಗದಗಳ ರಾಶಿಯನ್ನು ಒಂದು ಕೈಯಲ್ಲಿ ಬದಿಗೆ ಸರಿಸಿ, ವೈದ್ಯಶಾಸ್ತ್ರದಷ್ಟೇ ಹಳೆಯದಾದ ಪ್ರಶ್ನೆಗೆ ಶರಣಾಗುತ್ತಾರೆ: “ಆಜೀ, ಕಬ್ ಸೆ?”

ಯಾವಾಗಿನಿಂದ? ಕೇಳುವುದು ಸುಲಭ. ನಮ್ಮ ದೊಡ್ಡಮ್ಮನಿಗೆ ಉತ್ತರಿಸುವುದು ಇನ್ನೂ ಸುಲಭ. ಕುಂದಾಪುರದ ಕಡೆಯಿಂದ ಮದುವೆಯಾಗಿ ವಡಾಲಕ್ಕೆ ಬಂದವರು. ಮರಾಠಿ ಅರ್ಥವಾಗುತ್ತದೆ, ಹಿಂದಿ ತರಕಾರಿ ಕೊಳ್ಳುವಷ್ಟಿದೆ, ಕಾಯಿಲೆ ಮಾತ್ರ ಕನ್ನಡದಲ್ಲೇ ಬರುತ್ತದೆ. “ಗಣಪತಿ ಬಿಟ್ಟ ಮೇಲೆ ಶುರುವಾದ ಕೆಮ್ಮು ಡಾಕ್ಟ್ರೇ. ಅದಕ್ಕೆ ಮೊದಲು ಎಂತದೂ ಇರ್ಲಿಲ್ಲ. ಸಣ್ಣ ಸೊಸೆಯ ಸೀಮಂತಕ್ಕೆ ಊರಿಗೆ ಹೋದಾಗ ಪೂರಾ ಕಮ್ಮಿ ಆಗಿತ್ತು. ವಾಪಸ್ ಬಂದು ಹೊಸ ಸಿಲಿಂಡರ್ ಹಾಕಿದ್ದೆ ನೋಡಿ, ಅದು ಮುಗಿಯುವುದರೊಳಗೆ ಮತ್ತೆ ಜೋರಾಯ್ತು.”

ಇದನ್ನೆಲ್ಲ ಹಿಂದಿಗೆ ತಿರುಗಿಸಿ ಹೇಳುವ ಕೆಲಸ ನನ್ನದು. ಹೊರಗಿನ ಬೆಂಚಿನ ಮರ್ಯಾದೆಗೆ ನಾನು ಹೇಳುವುದಿಷ್ಟು: “ದೋ ಮಹೀನೇ ಸೆ.” ಅವರು ಬರೆಯುವುದು ಇನ್ನೂ ಚಿಕ್ಕದು: ಕೆಮ್ಮು, ಗುಣಿಸು ಚಿಹ್ನೆ, ಎರಡು ತಿಂಗಳು. ದೊಡ್ಡಮ್ಮ ಹೇಳಿದ್ದರಲ್ಲಿ ಒಂದು ಆರಂಭ, ಒಂದು ಬಿಡುವು, ಒಂದು ಮರುಕಳಿಕೆ ಇತ್ತು. ಆ ಬಿಡುವು ಮುಂಬಯಿಯ ಹೊರಗೆ ಸಿಕ್ಕಿತೆಂಬ ಸುಳಿವೂ ಇತ್ತು. ಲಾರಿ ಟರ್ಮಿನಸ್ಸಿನ ಧೂಳನ್ನು ನುಂಗಿ ಬದುಕುವ ಬಡಾವಣೆಯಲ್ಲಿ ಊರಿಗೆ ಹೋದರೆ ಕೆಮ್ಮು ಇಳಿಯುವುದು ಸಣ್ಣ ಸುದ್ದಿಯಲ್ಲ. ಗುಣಿಸು ಚಿಹ್ನೆ ಅದನ್ನೆಲ್ಲ ನುಂಗಿಬಿಟ್ಟಿತು.

ತಾರೀಕು ಕೇಳಿದರೆ ದೊಡ್ಡಮ್ಮ ತಡವರಿಸುತ್ತಾರೆ. ಯಾವುದಾದ ಮೇಲೆ ಯಾವುದು ಎಂದು ಕೇಳಿದರೆ ಎಂದೂ ತಪ್ಪುವುದಿಲ್ಲ. ಈ ಊರಿನವರೆಲ್ಲ ಹಾಗೆಯೇ. ನಮ್ಮ ಕಟ್ಟಡದಲ್ಲಿ ಒಬ್ಬರ ಸಕ್ಕರೆ ಕಾಯಿಲೆ ಹುಟ್ಟಿದ್ದು ‘ಜುಲೈ ಇಪ್ಪತ್ತಾರರ ಮಳೆ’ ಆದ ವರ್ಷ. 2005ರಲ್ಲಿ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮಳೆ ಅದು. ವರ್ಷ ಹೇಳುವ ಅಗತ್ಯವೇ ಬೀಳುವುದಿಲ್ಲ. ಮತ್ತೊಬ್ಬರ ಮಂಡಿ ಮೋನೋರೈಲಿನ ಕಂಬ ಏಳುವವರೆಗೆ ಗಟ್ಟಿಯಿತ್ತು, 2014ರಲ್ಲಿ ರೈಲು ಓಡಲು ಶುರುವಾದಾಗ ಅವರು ನಿಲ್ದಾಣದ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಇನ್ನುಳಿದ ಎಲ್ಲ ಕಾಯಿಲೆಗಳೂ ಲಾಕ್‌ಡೌನಿಗೆ ಮೊದಲಿನವು ಅಥವಾ ಆಮೇಲಿನವು.

ದೊಡ್ಡಮ್ಮನ ಹತ್ತಿರ ಬರಹದ ದಾಖಲೆ ಇಲ್ಲವೆಂದಲ್ಲ. ಅಡುಗೆಮನೆಯ ಗೋಡೆಯಲ್ಲಿ ಕಾಲನಿರ್ಣಯ ಇದೆ. ಜಯಂತ ಸಾಳಗಾಂವಕರ್ 1973ರಲ್ಲಿ ಮರಾಠಿಯಲ್ಲಿ ಶುರುಮಾಡಿದ ಆ ಕ್ಯಾಲೆಂಡರು ಈಗ ಕನ್ನಡದಲ್ಲೂ ಬರುತ್ತದೆ. ಏಕಾದಶಿ, ಸಂಕಷ್ಟಿ ನೋಡಲೆಂದು ಜನ ತರುತ್ತಾರೆ, ಆಮೇಲೆ ಅದರ ಚೌಕಗಳಲ್ಲಿ ಸಂಸಾರ ತುಂಬಿಸುತ್ತಾರೆ. ಹಾಲು ಬಾರದ ದಿನಕ್ಕೆ ಅಡ್ಡಗೀಟು. ಸಿಲಿಂಡರ್ ಹಾಕಿದ ದಿನಕ್ಕೆ ‘ಗ್ಯಾ’. ಮನೆಯ ಗ್ಲುಕೋಮೀಟರಿನಲ್ಲಿ ಶುಗರ್ ನೋಡಿದ ದಿನ ಬರೀ ಅಂಕಿ. ಹೊಸ ಮಾತ್ರೆ ಶುರುವಾದ ದಿನ ‘ಬಿಳಿ ದೊಡ್ಡದು’ ಎಂಬ ಒಕ್ಕಣೆ, ನಿಂತ ದಿನ ಅದಕ್ಕೊಂದು ಕಾಟು. ವರ್ಷ ಮುಗಿದ ಮೇಲೂ ಅದನ್ನು ಎಸೆಯುವುದಿಲ್ಲ. ಡಬ್ಬಿ ಇಡುವ ಅಟ್ಟದಲ್ಲಿ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಭಾರತ ಸರ್ಕಾರ ಈಗ ಪ್ರತಿಯೊಬ್ಬರಿಗೂ ‘ಆಭಾ’ ಎಂಬ ಹದಿನಾಲ್ಕು ಅಂಕಿಗಳ ಆರೋಗ್ಯ ಸಂಖ್ಯೆ ಕೊಡುತ್ತಿದೆ. ದೊಡ್ಡಮ್ಮನಿಗೂ ಮಾಡಿಸಿದ್ದೇವೆ. ಅಟ್ಟದ ಸುರುಳಿಯಲ್ಲಿರುವಷ್ಟು ಮಾಹಿತಿ ಅದರೊಳಗೆ ತುಂಬಲು ಇನ್ನೂ ಕಾಲ ಬೇಕು.

ಈ ಕಾಲನಿರ್ಣಯಕ್ಕೆ ಮೊದಲು ತಲೆಬಾಗಿದವನು ನಮ್ಮ ಅಣ್ಣನ ಮಗ. ಐರೋಲಿಯ ಕಂಪನಿಯೊಂದರಲ್ಲಿ ಆಸ್ಪತ್ರೆಗಳ ದತ್ತಾಂಶ ನೋಡಿಕೊಳ್ಳುವ ಕೆಲಸ ಅವನಿಗೆ. ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಗೋಡೆ ನೋಡಿದವನು, “ಅಜ್ಜೀ, ನೀವು ಮಾಡಿದ್ದನ್ನೇ ಅಮೆರಿಕದಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳು ಮಾಡಿದ್ದಾರೆ,” ಎಂದ. ಅಮೆರಿಕದಲ್ಲಿ ಹಾಲು ಬಾರದ ದಿನ ಇರುತ್ತದೆಯೇ ಎಂದು ದೊಡ್ಡಮ್ಮ ಕೇಳಿದರು.

ಅವನು ಹೇಳಿದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಥೆ. ಅಲ್ಲಿ ಕ್ಯಾಥರೀನ್ ಪ್ಲೇಸಾಂ, ಬೆನ್ ಶ್ನೈಡರ್‌ಮನ್ ಮತ್ತು ಅವರ ಸಂಗಡಿಗರು 1996ರಲ್ಲಿ ‘ಲೈಫ್‌ಲೈನ್ಸ್’ ಎಂಬ ಚಿತ್ರಣವನ್ನು ಮುಂದಿಟ್ಟರು. ಒಬ್ಬ ಮನುಷ್ಯನ ಕಡತವೆಲ್ಲ ಒಂದೇ ಪರದೆಯಲ್ಲಿ, ಎಡದಿಂದ ಬಲಕ್ಕೆ ಕಾಲ ಹರಿಯುವ ಗೆರೆಗಳಾಗಿ. ಕಾಯಿಲೆಗೊಂದು ಗೆರೆ, ಔಷಧಕ್ಕೊಂದು ಗೆರೆ, ಪರೀಕ್ಷೆಗಳಿಗೆ ಚುಕ್ಕಿ. ಕಾಯಿಲೆ ಬಲವಾದರೆ ಗೆರೆಯ ಬಣ್ಣವೋ ದಪ್ಪವೋ ಬದಲಾಗುತ್ತದೆ. ತಮಾಷೆಯೆಂದರೆ ಮೊದಲು ಇದನ್ನು ಮಾಡಿದ್ದು ಬಾಲಾಪರಾಧಿಗಳ ಕಡತಗಳಿಗಾಗಿ. ರೋಗಿಗಳ ಸರದಿ ಆಮೇಲೆ ಬಂತು. ಕಾಗದ ಹೆಚ್ಚಾದಲ್ಲಿ ಅಪರಾಧಿಗೂ ರೋಗಿಗೂ ಒಂದೇ ಗತಿ ಎಂದು ಕಾಣುತ್ತದೆ. ಹಾಗೆ ನೋಡಿದರೆ ಕಾಯಿಲೆಗೆ ಗೆರೆ ಎಳೆಯುವುದು ಹೊಸದೂ ಅಲ್ಲ. ಮಂಚದ ಕಾಲಿಗೆ ನೇತುಹಾಕುವ ಜ್ವರದ ಪಟ್ಟಿಯ ಹಿಂದೆ ಜರ್ಮನಿಯ ಲೈಪ್‌ಜಿಗ್‌ನ ಕಾರ್ಲ್ ವುಂಡರ್‌ಲಿಶ್ ಇದ್ದಾನೆ. ಸಾವಿರಾರು ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಯಾವ ಜ್ವರ ಯಾವ ನಡಿಗೆಯಲ್ಲಿ ಏರಿ ಇಳಿಯುತ್ತದೆಂದು 1868ರಲ್ಲಿ ಪುಸ್ತಕ ಬರೆದವನು.

ಆದರೆ ನನಗೆ ಹಿಡಿಸಿದ್ದು 2008ರ ಹೊತ್ತಿಗೆ ಅದೇ ಮೇರಿಲ್ಯಾಂಡಿನವರು ಮಾಡಿದ ಇನ್ನೊಂದು ಕೆಲಸ. ಒಬ್ಬ ರೋಗಿಯ ಗೆರೆ ಓದುವುದು ಸುಲಭ, ಸಾವಿರ ಜನರ ಗೆರೆಗಳನ್ನು ಒಟ್ಟಿಗೆ ಓದುವುದು ಹೇಗೆ? ಒಬ್ಬರಿಗೆ ಹೃದಯಾಘಾತ ಮಾರ್ಚಿನಲ್ಲಿ, ಇನ್ನೊಬ್ಬರಿಗೆ ದೀಪಾವಳಿಗೆ. ತಾರೀಕಿನ ಪ್ರಕಾರ ಇಟ್ಟರೆ ಎಲ್ಲ ಚೆಲ್ಲಾಪಿಲ್ಲಿ. ಅವರು ತಾರೀಕನ್ನೇ ಕಿತ್ತು ಬದಿಗಿಟ್ಟರು. ಮುಖ್ಯವಾದ ಒಂದು ಘಟನೆ ಆರಿಸಿಕೊಂಡು, ಅದು ಪ್ರತಿಯೊಬ್ಬರಿಗೂ ಆದ ದಿನವನ್ನು ಸೊನ್ನೆ ಎಂದು ಕರೆದು, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಗೆರೆಗೆ ತಂದು ನಿಲ್ಲಿಸುವಂತೆ ಎಲ್ಲರ ಗೆರೆಗಳನ್ನೂ ಅಲ್ಲಿಗೆ ಸರಿಸಿದರು. ಆಗ ಎಡಗಡೆ ಕಾಣುವುದು ಅದಕ್ಕೆ ಮೊದಲು ಆದದ್ದು, ಬಲಗಡೆ ಕಾಣುವುದು ಆಮೇಲೆ ಆದದ್ದು. ಸಿ.ಟಿ. ಸ್ಕ್ಯಾನಿಗೆ ಕೊಡುವ ಡೈ ಇಂಜೆಕ್ಷನ್ ಕೆಲವರ ಮೂತ್ರಪಿಂಡಕ್ಕೆ ಆಗಿಬರುವುದಿಲ್ಲ. ಇಂಜೆಕ್ಷನ್ನಿನ ದಿನವನ್ನು ಸೊನ್ನೆ ಮಾಡಿ ನಿಲ್ಲಿಸಿದರೆ, ಮುಂದಿನ ಎರಡು ವಾರಗಳಲ್ಲಿ ಯಾರ ಕ್ರಿಯಾಟಿನಿನ್ ಏರಿತೆಂಬುದು ಕಣ್ಣಿಗೇ ಹೊಡೆಯುತ್ತದೆ. ಗಣಪತಿ ಬಿಟ್ಟ ದಿನವೇ ಸೊನ್ನೆ ಎಂದು ದೊಡ್ಡಮ್ಮ ಡಾಕ್ಟರಿಗೆ ಹೇಳಲು ಹೊರಟಿದ್ದದ್ದು ಬೇರೇನಲ್ಲ.

ಅವರ ಮುಂದಿನ ಸಲಕರಣೆ, 2011ರ ‘ಲೈಫ್‌ಫ್ಲೋ’, ಸಾವಿರಾರು ರೋಗಿಗಳ ದಾರಿಗಳನ್ನು ಒಂದೇ ಚಿತ್ರಕ್ಕೆ ಇಳಿಸುತ್ತದೆ. ತುರ್ತು ವಿಭಾಗದಿಂದ ವಾರ್ಡಿಗೆ ಎಷ್ಟು ಜನ, ಐಸಿಯುಗೆ ಎಷ್ಟು ಜನ, ಐಸಿಯುನಿಂದ ವಾರ್ಡಿಗೆ ಬಂದವರಲ್ಲಿ ಎರಡು ದಿನದೊಳಗೆ ಮತ್ತೆ ಐಸಿಯುಗೆ ಓಡಿದವರೆಷ್ಟು. ಈ ಕೊನೆಯವರನ್ನು ಕಂಡರೆ ಆಸ್ಪತ್ರೆಯವರಿಗೆ ಭಯ, ಏಕೆಂದರೆ ಅವರನ್ನು ಬೇಗ ಹೊರಗೆ ಕಳಿಸಿದೆವೋ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಹುಡುಗ ಹೇಳುವಂತೆ, ಕಂಪ್ಯೂಟರಿಗೆ ಇಂಥದ್ದನ್ನು ಕೇಳುವುದೇ ದೊಡ್ಡ ತಲೆನೋವು. ‘ಶುಗರ್ ಇನ್ನೂರು ದಾಟಿದವರು ಯಾರು’ ಎಂದರೆ ತಕ್ಷಣ ಹೇಳುತ್ತದೆ. ‘ಮಾತ್ರೆ ಶುರುಮಾಡಿದ ಮೇಲೆ, ಆಪರೇಷನ್ನಿಗೆ ಮೊದಲು, ನಡುವೆ ಒಮ್ಮೆಯೂ ರಕ್ತಪರೀಕ್ಷೆ ಆಗದೆ ಇದ್ದವರು ಯಾರು’ ಎಂದರೆ ಹತ್ತಾರು ಸಾಲು ಬರೆಯಬೇಕು, ಬರೆದದ್ದು ಸರಿಯೇ ಎಂದು ಮತ್ತೊಬ್ಬರನ್ನು ಕರೆದು ತೋರಿಸಬೇಕು. ಎರಡು ಅವಧಿಗಳ ನಡುವೆ ಇರಬಹುದಾದ ಸಂಬಂಧಗಳು ಹದಿಮೂರು ಎಂದು ಜೇಮ್ಸ್ ಆಲನ್ 1983ರಲ್ಲಿ ಎಣಿಸಿ ಇಟ್ಟಿದ್ದಾನಂತೆ: ಮೊದಲು, ಆಮೇಲೆ, ತಾಗಿಕೊಂಡು, ಒಳಗೆ, ಅಡ್ಡಬಿದ್ದು, ಹೀಗೆ. ದೊಡ್ಡಮ್ಮ ಅದರಲ್ಲಿ ಎಂಟೊಂಬತ್ತನ್ನು ಒಂದು ಕೆಮ್ಮಿಗೇ ಬಳಸುತ್ತಾರೆ. ಆಗದೆ ಹೋದದ್ದನ್ನು ಕೇಳುವುದು ಎಲ್ಲಕ್ಕಿಂತ ಕಷ್ಟ; ಆಗದ್ದಕ್ಕೆ ತಾರೀಕು ಇರುವುದಿಲ್ಲವಲ್ಲ.

ಇದೆಲ್ಲ ಪರದೇಶದ ಬುದ್ಧಿವಂತಿಕೆ ಎನ್ನುವ ಹಾಗೂ ಇಲ್ಲ. ‘ಕಬ್ ಸೆ’ ಎಂಬ ಪ್ರಶ್ನೆಯ ತೂಕ ಬಲ್ಲ ಜಾಗವೊಂದು ವಡಾಲದಲ್ಲೇ ಇದೆ. ಹೊರಗಿನವರಿಗೆ ವಡಾಲವೆಂದರೆ ರಾಮಮಂದಿರದ ಜಿ.ಎಸ್.ಬಿ. ಗಣಪತಿ, ಕನ್ನಡಿಗರಿಗೆ ಎನ್.ಕೆ.ಇ.ಎಸ್. ಶಾಲೆ. ಬೀದಿಯಲ್ಲಿ ಇನ್ನಷ್ಟು ನಡೆದರೆ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯ ಹಳೆಯ ಆವರಣ. 1890ರಲ್ಲಿ ಬೀದಿಪಾಲಾದ ಕುಷ್ಠರೋಗಿಗಳಿಗೆಂದು ಇದನ್ನು ಕಟ್ಟಿಸಿದ ಹ್ಯಾರಿ ಆರ್ಬತ್‌ನಾಟ್ ಆಕ್ವರ್ತ್ ಮುಂಬಯಿಯ ಮುನಿಸಿಪಲ್ ಕಮಿಷನರ್. ಈ ಮಹಾಶಯನಿಗೆ ಇನ್ನೊಂದು ಹುಚ್ಚಿತ್ತು. ಶಂಕರ ತುಕಾರಾಮ ಶಾಳಿಗ್ರಾಮ ಎಂಬವರ ಜೊತೆ ಸೇರಿ ಪೋವಾಡ ಎಂಬ ಮರಾಠಿ ವೀರಗೀತೆಗಳನ್ನು ಕಲೆಹಾಕಿದ, 1894ರಲ್ಲಿ ಕೆಲವನ್ನು ಇಂಗ್ಲಿಷಿಗೂ ತಂದ. ಪೋವಾಡದಲ್ಲಿ ಅಫ್ಜಲಖಾನ ಯಾವ ತಾರೀಕಿಗೆ ಬಂದ ಎಂದು ಯಾರೂ ಕೇಳುವುದಿಲ್ಲ. ಡೇರೆ ಹಾಕಿದ ಮೇಲೆ, ಅಪ್ಪಿಕೊಳ್ಳುವ ಮೊದಲು ಏನಾಯಿತು ಎನ್ನುವುದೇ ಕಥೆ. ಹಗಲು ಗಟಾರದ ಲೆಕ್ಕ ನೋಡಿ ಸಂಜೆ ಪೋವಾಡ ಕೇಳುತ್ತಿದ್ದ ಕಮಿಷನರನಿಗೆ ದೊಡ್ಡಮ್ಮನ ಕೆಮ್ಮಿನ ಕಥೆ ಖಂಡಿತ ಅರ್ಥವಾಗುತ್ತಿತ್ತು.

ಕುಷ್ಠವೋ, ಕಾಲವನ್ನು ಇಷ್ಟು ಸತಾಯಿಸುವ ರೋಗ ಮತ್ತೊಂದಿಲ್ಲ. ರೋಗಾಣು ಮೈಸೇರಿದ ಮೇಲೆ ಮಚ್ಚೆ ಕಾಣಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ. ಎಲ್ಲಿ, ಯಾರಿಂದ, ಎಂದು ಎನ್ನುವ ಪ್ರಶ್ನೆಗಳೆಲ್ಲ ಅಲ್ಲಿಗೇ ಬಿದ್ದುಹೋದವು. ಆದರೆ ಬೆರಳು ಜೋಮು ಹಿಡಿದದ್ದು ಯಾವಾಗಿನಿಂದ ಎಂಬ ಪ್ರಶ್ನೆ ಬೀಳುವಂತಿಲ್ಲ. ನರ ಸೋತು ಆರು ತಿಂಗಳಾಗಿಲ್ಲವೆಂದರೆ ಸ್ಟಿರಾಯ್ಡ್ ಕೊಟ್ಟು ಅದನ್ನು ಮರಳಿ ಪಡೆಯುವ ಆಸೆ ಇರುತ್ತದೆ. ಅದು ಕಳೆದ ಮೇಲೆ ಆಸೆ ತೀರಾ ಕಡಿಮೆ. ಕೈ ಮಡಚಿಕೊಂಡೇ ಉಳಿಯುವುದೋ, ಚಹಾದ ಲೋಟ ಹಿಡಿಯುವುದೋ ಎಂಬುದು ‘ಚೌತಿಗೆ ಮೊದಲೋ ಆಮೇಲೋ’ ಎಂಬ ನೆನಪಿನ ಮೇಲೆ ನಿಂತಿರುತ್ತದೆ. ಮದ್ದಿನ ಲೆಕ್ಕವೂ ಕಾಲದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1981ರಲ್ಲಿ ಹೇಳಿದ ಬಹುಔಷಧ ಚಿಕಿತ್ಸೆಯಲ್ಲಿ ತಿಂಗಳಿಗೊಂದು ಮಾತ್ರೆಯ ಹಾಳೆ. ಮೊದಲ ದಿನದ ಮಾತ್ರೆ ಆರೋಗ್ಯ ಕಾರ್ಯಕರ್ತರ ಎದುರಿಗೆ, ಉಳಿದವು ಮನೆಯಲ್ಲಿ. ರೋಗಾಣು ಹೆಚ್ಚಿರುವವರಿಗೆ ಇಂಥ ಹನ್ನೆರಡು ಹಾಳೆಗಳು ಹದಿನೆಂಟು ತಿಂಗಳೊಳಗೆ ಮುಗಿಯಬೇಕು ಎಂಬುದು ನಿಯಮ. ಆ ಆರು ತಿಂಗಳ ಸಡಿಲು ನನಗೆ ಬಹಳ ಇಷ್ಟವಾಯಿತು. ಯಾರೋ ಒಬ್ಬ ಪುಣ್ಯಾತ್ಮ, ಮನುಷ್ಯ ಊರಿಗೆ ಹೋಗುತ್ತಾನೆ, ಮಳೆಗಾಲದಲ್ಲಿ ರೈಲು ನಿಲ್ಲುತ್ತದೆ, ತಂಗಿಯ ಮದುವೆ ಬರುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟಂತಿದೆ.

ಪಾರ್ಶ್ವವಾಯುವಿನವರು ಇಷ್ಟು ಉದಾರಿಗಳಲ್ಲ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ತಾಸು, ಅಷ್ಟೆ. ಅಲ್ಲಿ ಡಾಕ್ಟರು ‘ಕಬ್ ಸೆ’ ಎನ್ನುವುದೂ ಇಲ್ಲ. “ಕೊನೆಯ ಸಲ ಸರಿಯಾಗಿದ್ದದ್ದನ್ನು ನೋಡಿದ್ದು ಯಾವಾಗ?” ಎನ್ನುತ್ತಾರೆ. ಬೆಳಿಗ್ಗೆ ಏಳುವಾಗ ಕೈ ಬಿದ್ದಿದ್ದರೆ ಗಡಿಯಾರ ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದ ಶುರು. ದಾಂಪತ್ಯದಲ್ಲಿ ಮಲಗುವ ಮುಂಚೆ ನಾಲ್ಕು ಮಾತಾಡಬೇಕು ಎನ್ನುವುದಕ್ಕೆ ಇಷ್ಟು ವೈಜ್ಞಾನಿಕ ಕಾರಣ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಪಕ್ಕದ ಶಿವ್ಡಿಯಲ್ಲಿ ಕ್ಷಯರೋಗದ ದೊಡ್ಡ ಆಸ್ಪತ್ರೆ. ಕ್ಷಯದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ನಡುವೆ ಬಿಟ್ಟರೆ ರೋಗಾಣು ಮದ್ದಿಗೆ ಜಗ್ಗದಂತಾಗುವ ಅಪಾಯ. ಬಿಟ್ಟ ದಿನ ಹಿಡಿಯಲು ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಬಿಲ್ ಥೀಸ್ ಮತ್ತು ಜೊತೆಯವರು ಒಂದು ಉಪಾಯ ಹೂಡಿದರು. ಹೆಸರು 99ಡಾಟ್ಸ್. ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ ಫೋನ್ ನಂಬರಿನ ಅಂಕಿ ಕಾಣುತ್ತದೆ, ಆ ನಂಬರಿಗೆ ಪುಕ್ಕಟೆ ಫೋನು ಮಾಡಬೇಕು. ಮಿಸ್ಡ್ ಕಾಲಿನಲ್ಲೇ ಸಂಸಾರ ನಡೆಸಿದ ದೇಶಕ್ಕೆ ಹೇಳಿ ಮಾಡಿಸಿದ ಉಪಾಯ. ಫೋನು ಬಂದ ದಿನ, ಬಾರದ ದಿನ ಎಲ್ಲ ಕಾರ್ಯಕರ್ತರ ಪರದೆಯ ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಆಮೇಲೆ ಚೆನ್ನೈ, ವೆಲ್ಲೂರು ಮತ್ತು ನಮ್ಮ ಮುಂಬಯಿಯಲ್ಲಿ ಸಂಶೋಧಕರು ಹೇಳದೆ ಕೇಳದೆ ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿದರು. ಫೋನು ಮಾಡಿದವರೆಲ್ಲ ನುಂಗಿರಲಿಲ್ಲ, ನುಂಗಿದವರೆಲ್ಲ ಫೋನು ಮಾಡಿರಲಿಲ್ಲ. ಮಾತ್ರೆಗೂ ಬಾಯಿಗೂ ನಡುವೆ ಇರುವ ಗೇಣುದ್ದದ ಜಾಗ ಯಾವ ಪರದೆಯಲ್ಲೂ ಬರುವುದಿಲ್ಲ.

ಸಂಜೆ ಫೈವ್ ಗಾರ್ಡನ್ಸಿನ ಬೆಂಚಿನಲ್ಲಿ ದೊಡ್ಡಮ್ಮನ ಗುಂಪು ಸೇರುತ್ತದೆ. ಅಲ್ಲಿ ನಡೆಯುವುದನ್ನು ನೋಡಿದ ಮೇಲೆ ನಮ್ಮ ಹುಡುಗ ತನ್ನ ಕಂಪನಿಯ ಬಗ್ಗೆ ಹೆಚ್ಚು ಮಾತಾಡುತ್ತಿಲ್ಲ. ಒಬ್ಬರಿಗೆ ಮಂಡಿ ಆಪರೇಷನ್ ನಿಶ್ಚಯವಾಗಿದೆಯೆಂದು ಸುದ್ದಿ ಬರುವುದೇ ತಡ, ವಡಾಲದಿಂದ ಮಾಟುಂಗದವರೆಗೆ ಮಂಡಿ ಬದಲಿಸಿಕೊಂಡವರೆಲ್ಲರ ಪಟ್ಟಿ ತಯಾರು. ಎಲ್ಲರೂ ಆಪರೇಷನ್ ದಿನಕ್ಕೆ ತಂದು ನಿಲ್ಲಿಸಲ್ಪಟ್ಟವರು. ಎಷ್ಟನೇ ದಿನಕ್ಕೆ ಕೋಲು ಬಿಟ್ಟರು, ಎಷ್ಟನೇ ತಿಂಗಳಿಗೆ ಮಗನ ಮನೆಯಿಂದ ಮಗಳ ಮನೆಗೆ ಹೋದರು, ಹೋದ ಮೇಲೆ ಬಿದ್ದರೋ ಬಿದ್ದದ್ದಕ್ಕೆ ಹೋದರೋ. ಈ ಕೊನೆಯ ಪ್ರಶ್ನೆಯಲ್ಲಿ ಸಂಖ್ಯಾಶಾಸ್ತ್ರದ ಅರ್ಧ ಜಗಳ ಅಡಗಿದೆ. ಬೆಂಚಿನಲ್ಲಿ ಒಬ್ಬರು, “ಹ್ವಾಯ್, ಅವ್ರು ಬೀಳುದಕ್ಕೂ ಮಂಡಿಗೂ ಸಂಬಂಧ ಇಲ್ಲ, ಸೊಸೆ ನೆಲ ಒರಸಿದ್ದು,” ಎಂದು ಅದನ್ನು ಬಗೆಹರಿಸಿದರು.

ಕಾಲನಿರ್ಣಯದ ಸುರುಳಿಗಳನ್ನು ಅಟ್ಟದಿಂದ ಇಳಿಸಿ ಲ್ಯಾಪ್‌ಟಾಪಿಗೆ ತುಂಬಿಸಲು ಅವನು ಹಲವು ಭಾನುವಾರ ಕಳೆದ. ಹಾಲು, ಗ್ಯಾಸು ಎಲ್ಲ ಸೇರಿಸಿದ. ಯಾವುದು ಮುಖ್ಯವೆಂದು ಮೊದಲೇ ಹೇಳುವವರು ಯಾರು ಎಂಬುದು ಅವನ ವಾದ. ಬಣ್ಣಬಣ್ಣದ ಗೆರೆಗಳು ಚೆನ್ನಾಗಿಯೇ ಬಂದವು. ಬಿಳಿ ದೊಡ್ಡ ಮಾತ್ರೆ ಶುರುವಾದ ಮೇಲೆ ಶುಗರ್ ಇಳಿದದ್ದು ಸ್ಪಷ್ಟ. ಊರಿಗೆ ಹೋದಾಗಲೆಲ್ಲ ಕೆಮ್ಮು ಇಳಿದದ್ದೂ ಸ್ಪಷ್ಟ. ಡಾಕ್ಟರು ಅದನ್ನು ನೋಡಿ, ಈ ಸಲ ಗುಣಿಸು ಚಿಹ್ನೆ ಬಿಟ್ಟು, ಎದೆಯ ಪರೀಕ್ಷೆಗೆ ಬರೆದುಕೊಟ್ಟರು. ಆದರೆ ತಿಂಗಳಿಗೊಮ್ಮೆ, ಹೆಚ್ಚಾಗಿ ಮೊದಲ ವಾರದಲ್ಲಿ, ಚೌಕದ ಮೂಲೆಯಲ್ಲಿ ‘ಚೀ’ ಎಂದು ಸಣ್ಣಗೆ ಬರೆದಿರುತ್ತಿತ್ತು. ಯಾರ ಮೇಲಿನ ಸಿಟ್ಟೋ ಎಂದುಕೊಂಡಿದ್ದ ಹುಡುಗ ಸುಮ್ಮನೆ ಕುತೂಹಲಕ್ಕೆ ಎಲ್ಲ ‘ಚೀ’ಗಳನ್ನೂ ಸೊನ್ನೆಗೆ ತಂದು ನಿಲ್ಲಿಸಿದ. ಬಲಗಡೆ, ಮರುದಿನವೇ, ಸಕ್ಕರೆಯ ಅಂಕಿಗಳು ಗುಡ್ಡ ಹತ್ತಿದ್ದವು. ತಿಂಗಳು ತಿಂಗಳೂ.

“ಅಜ್ಜೀ, ಇದು ಎಂತ?”

“ಅದು ಚೀಟಿ ಮಗಾ. ಮೂರನೇ ಮಹಡಿಯವರ ಮನೆಯಲ್ಲಿ ತಿಂಗಳ ಚೀಟಿ ಎತ್ತುತ್ತಾರಲ್ಲ. ದುಡ್ಡು ಕೊಟ್ಟದ್ದು ನೆನಪಿರಲಿ ಅಂತ ಬರೆದದ್ದು. ಅದು ಡಾಕ್ಟ್ರಿಗೆ ಎಂತಕೆ?”

“ಅಲ್ಲಿ ತಿನ್ನಲಿಕ್ಕೆ ಎಂತ ಕೊಡ್ತಾರೆ?”

ದೊಡ್ಡಮ್ಮ ಉತ್ತರಿಸದೆ ಕುಕ್ಕರಿನ ಸೀಟಿ ಎಣಿಸಲು ಒಳಗೆ ಹೋದರು. ಮೂರನೇ ಮಹಡಿಯವರ ಜಿಲೇಬಿ ಇಡೀ ಕಟ್ಟಡಕ್ಕೆ ಗೊತ್ತಿರುವಂಥದ್ದು.

ಮುಂದಿನ ತಿಂಗಳಿನ ಚೌಕಗಳಲ್ಲಿ ಹಾಲಿನ ಅಡ್ಡಗೀಟುಗಳಿದ್ದವು, ‘ಗ್ಯಾ’ ಇತ್ತು, ಶುಗರಿನ ಅಂಕಿಗಳೂ ಇದ್ದವು. ‘ಚೀ’ ಎಲ್ಲಿಯೂ ಇರಲಿಲ್ಲ. ಹುಡುಗ ಅದರ ಜಾಗಕ್ಕೆ ಏನು ತುಂಬಿಸುವುದೆಂದು ತಿಳಿಯದೆ ನನ್ನ ಮುಖ ನೋಡಿದ. ಚೀಟಿ ನಡೆದದ್ದು ನನಗೆ ಗೊತ್ತಿತ್ತು, ಏಕೆಂದರೆ ಆ ಸಲ ಎತ್ತಿದವನು ನಾನೇ.